ನನ್ನ ಚಪ್ಪಲಿಯೂ ಅಜ್ಜಿಯ ಸ್ಟ್ರೋಕೂ

ನನ್ನ ಚಪ್ಪಲಿಯನ್ನು ಯಾರಾದರೂ ಕದಿಯಬಹುದೆಂಬ ಭಯ ನನಗೆ ಯಾವತ್ತೂ ಇರಲಿಲ್ಲ. ಕದ್ದು ಮಾಡುವುದಾದರೂ ಏನು? ಬಲಗಾಲಿನದು ಎಡಗಾಲಿನದಕ್ಕಿಂತ ಒಂದು ಸೈಜ್ ಚಿಕ್ಕದು. ಒಳಗೆ ಒಂದು ಕಡೆ ದಿಬ್ಬ, ಇನ್ನೊಂದು ಕಡೆ ಹಳ್ಳ. (ನಮ್ಮೂರಿನ ರಸ್ತೆಯನ್ನೇ ಕತ್ತರಿಸಿ ಅಟ್ಟೆಗೆ ಅಂಟಿಸಿದಂತೆ.) ನನ್ನ ಸೊಟ್ಟ ಪಾದಗಳ ಅಳತೆ ತೆಗೆದು ರಾಮನಗರದಲ್ಲಿ ಹೊಲಿಸಿಕೊಂಡದ್ದು. ಮೇಲಿನಿಂದ ನೋಡಿದರೆ ಮಾತ್ರ ಸಾಧಾರಣ ಕಪ್ಪು ವೆಲ್ಕ್ರೋ ಚಪ್ಪಲಿ.

ಕಳೆದ ಶನಿವಾರ ನಾದಿನಿಯ ಜೊತೆ ಸಾವನದುರ್ಗಕ್ಕೆ ಹೋಗಿದ್ದೆ. ದೇವರಿಗೆ ಕೈಮುಗಿದು ಹೊರಗೆ ಬಂದರೆ ಚಪ್ಪಲಿ ಇಲ್ಲ. ಅದೇ ಜಾಗದಲ್ಲಿ ಇನ್ನೊಂದು ಜೊತೆ ಕಪ್ಪು ಚಪ್ಪಲಿ ಇತ್ತು. ಕಾಲಿಟ್ಟು ನೋಡಿದೆ. ಒಳಗೆ ಹಲಗೆಯಂತೆ ಸಪಾಟು. ಮೊದಲ ಹೆಜ್ಜೆಗೇ ನೋವು ನೆತ್ತಿಗೇರಿತು.

ನನ್ನ ಪಾದದಡಿಯಲ್ಲಿರುವಂಥ ಆಣಿ ಎಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಚಪ್ಪಲಿಯೊಳಗೆ ಕಡಲೆ ಗಾತ್ರದ ಕಲ್ಲು ಸೇರಿಕೊಂಡ ಹಾಗೆ. ಕೊಡವಿದರೆ ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ.

ನಾದಿನಿಗೆ ಮಾತ್ರ ಸಂತೋಷ. ಗುಡಿಯ ಮುಂದೆ ಚಪ್ಪಲಿ ಕಳೆದರೆ ಹಿಡಿದ ಶನಿ ಬಿಟ್ಟ ಹಾಗೆ ಎಂದಳು. ಹೂ ಮಾರುವಾಕೆ, ಬರಿಗಾಲಲ್ಲಿ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದೆಂದು ಸಮಾಧಾನ ಹೇಳಿದಳು. ಯಾರ ಆರೋಗ್ಯಕ್ಕೆ?

ಸಿಕ್ಕ ಚಪ್ಪಲಿ ಒಂದು ಕೈಯಲ್ಲಿ, ನಾದಿನಿಯ ಹೆಗಲು ಇನ್ನೊಂದು ಕೈಯಲ್ಲಿ. ಕಾದ ನೆಲದ ಮೇಲೆ ಕುಂಟುತ್ತ ಆಟೊ ನಿಲ್ಲುವ ಮರದ ಹತ್ತಿರ ಬಂದೆ. ಅಲ್ಲಿ ಜನ ಸೇರಿದ್ದರು.

ಕುದೂರು ಕಡೆಯ ಒಬ್ಬ ಅಜ್ಜಿ ಕಲ್ಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಮಗ ಗಾಬರಿಯಾಗಿ ನಿಂತಿದ್ದ. ಗುಡಿಯೊಳಕ್ಕೆ ನೆಟ್ಟಗೆ ಹೋದ ತಾಯಿ, ಹೊರಗೆ ಬಂದ ಮೇಲೆ ಒಂದು ಕಡೆಗೆ ವಾಲಿಕೊಂಡು, ಕಾಲೆಳೆಯುತ್ತ ನಡೆದರಂತೆ. ಸ್ಟ್ರೋಕೇ ಎಂದುಕೊಂಡು ಮಾಗಡಿ ಆಸ್ಪತ್ರೆಗೆ ಆಟೊ ಗೊತ್ತುಮಾಡಿದ್ದ. ಸುತ್ತ ನಿಂತವರು ಅಜ್ಜಿಯಿಂದ ಕೈ ಎತ್ತಿಸಿ, ನಾಲಿಗೆ ಚಾಚಿಸಿ, ಒಸಿ ನಗಿಸಿ ಪರೀಕ್ಷೆ ಮಾಡುತ್ತಿದ್ದರು. (ವಾಟ್ಸಾಪ್ ಬಂದ ಮೇಲೆ ನಾವೆಲ್ಲ ಡಾಕ್ಟರುಗಳೇ ಅಲ್ಲವೇ?)

ಎಲ್ಲರೂ ಅಜ್ಜಿಯ ಮುಖ ನೋಡುತ್ತಿದ್ದರು. ನಾನು ಪಾದ ನೋಡಿದೆ. ಯಾರನ್ನು ಕಂಡರೂ ಮೊದಲು ಪಾದ ನೋಡುವುದು ನನ್ನ ಚಾಳಿ.

“ಅಜ್ಜಿ, ನಿಮ್ಮ ಕಾಲಿಗೇನೂ ಆಗಿಲ್ಲ. ಅದು ನನ್ನ ಚಪ್ಪಲಿ.”

ಮಗ ನಂಬಲಿಲ್ಲ. ಇಂಥ ಹೊತ್ತಲ್ಲಿ ತಮಾಷೆ ಮಾಡಬಾರದೆಂದು ನನಗೇ ಬುದ್ಧಿ ಹೇಳಿದ. ಅಜ್ಜಿಯೇ ಬಗ್ಗಿ ಪಟ್ಟಿ ಬಿಚ್ಚಿದರು. ಕಣ್ಣಿಗೆ ಪೊರೆ ಬಂದಿದೆ, ಕಪ್ಪಗಿದ್ದದ್ದನ್ನು ಮೆಟ್ಟಿಕೊಂಡೆ ಎಂದರು. ನನ್ನ ಕೈಯಲ್ಲಿದ್ದ ತಮ್ಮ ಚಪ್ಪಲಿ ಹಾಕಿಕೊಂಡು ಮರವನ್ನು ಒಂದು ಸುತ್ತು ಹಾಕಿದರು. ನೆಟ್ಟಗೆ!

ಜನ ಗುಡಿಯ ಕಡೆ ತಿರುಗಿ ಕೈಮುಗಿದರು. ನನಗೆ ಒಬ್ಬರೂ ಥ್ಯಾಂಕ್ಸ್ ಹೇಳಲಿಲ್ಲ.

ನಾನು ನನ್ನ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಹಾಕಿದೆ. ಅದೇ ವಾಲು, ಅದೇ ಎಳೆತ. ಎಂಥ ಸುಖ! ಆಟೊ ಹತ್ತಬೇಕು ಅನ್ನುವಷ್ಟರಲ್ಲಿ ಅಜ್ಜಿ ಹಿಂದಿನಿಂದ ಕರೆದರು. ಅವರ ಕಣ್ಣು ನನ್ನ ಕಾಲ ಮೇಲೇ ಇತ್ತು.

“ಒಂದ್ಗಳಿಗೆ ಹಿಂಗೆ ನಡ್ದಿದ್ಕೇ ನನ್ನ ಆಸ್ಪತ್ರೆಗೆ ಹೊತ್ಕೊಂಡು ಹೊಂಟಿದ್ರು ಕಣವ್ವ. ನಿನ್ನ ಯಾರೂ ಕರ್ಕೊಂಡೋಗ್ನಿಲ್ವಾ?”

“ನಾಲ್ಕು ವರ್ಷದವಳಿದ್ದಾಗ್ಲೇ ಕರ್ಕೊಂಡೋಗಿದ್ರು ಅಜ್ಜಿ,” ಎಂದೆ. “ಆಪರೇಷನ್ ಮಾಡಿ ಸರಿ ಮಾಡಿರೋ ಕಾಲೇ ಇವು.”