ಅಣ್ಣನ ಹೆಸರು ಕೊಟ್ಟ ಶನಿವಾರ

ಕ್ರೈಸ್ತರು ಮಿತವಾಗಿ ಕುಡಿಯಬಹುದೇ, ಕುಡಿಯಬಾರದೇ? ನಮ್ಮ ಸ್ತ್ರೀಯರ ಕೂಟದಲ್ಲಿ ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬರು ಈ ಪ್ರಶ್ನೆ ಎತ್ತುತ್ತಾರೆ. ಎತ್ತಿದವರು ನನ್ನ ಮುಖ ನೋಡುತ್ತಾರೆ, ಹಳೆಯ ಟೀಚರಲ್ಲವೇ, ಏನಾದರೂ ಹೇಳಿಯೇನು ಎಂದು. ನನಗೆ ಸಾಕಾಗಿದೆ ಮಾರಾಯ್ರೆ. ಆ ಕಡೆಯವರ ವಾದವೂ ಗೊತ್ತು, ಈ ಕಡೆಯವರದೂ ಗೊತ್ತು. ಒಂದು ಕಾಲದಲ್ಲಿ ನಾನೂ ವಾದ ಮಾಡಿದವಳೇ, ಗೆದ್ದವಳೇ. ಆ ಗೆಲುವು ಯಾರಿಗೂ ಬೇಡ.

ನಮ್ಮ ಮನೆ ಉಡುಪಿಯಲ್ಲಿ. ಪ್ರೊಟೆಸ್ಟಂಟರು ನಾವು, ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಅಪ್ಪ ಬೇಗ ತೀರಿಕೊಂಡದ್ದರಿಂದ ನನ್ನನ್ನು ಓದಿಸಿದ್ದು ಅಣ್ಣ. ನನಗಿಂತ ಹನ್ನೆರಡು ವರ್ಷ ದೊಡ್ಡವನು, ಮದುವೆಯಾಗಿರಲಿಲ್ಲ. ಮಲ್ಪೆಯ ಕಡೆ ಒಂದು ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಸುಡುವ ಗೂಡಿನ ಬೆಂಕಿ ನೋಡಿಕೊಳ್ಳುವ ಕೆಲಸ. ಬೆಂಕಿಯ ಮುಂದೆ ನಿಂತವನಿಗೆ ಗಂಟಲು ಒಣಗುತ್ತದೆ ಎನ್ನುತ್ತಿದ್ದ. ಅದು ನಿಜವೋ ನೆಪವೋ, ಅಂತೂ ಕುಡಿಯುತ್ತಿದ್ದ. ಆಗ ನಮ್ಮ ಜಿಲ್ಲೆಯಲ್ಲಿ ಪಾನನಿಷೇಧ ಇತ್ತು. ಇದ್ದರೇನು? ಬೇಕಾದವನಿಗೆ ತೋಟದ ಮರೆಯಲ್ಲಿ ಕಳ್ಳಭಟ್ಟಿ ಸಿಕ್ಕಿಯೇ ಸಿಗುತ್ತಿತ್ತು.

ಅಮ್ಮ ತೀರಿಕೊಂಡ ದಿನ ಅವನು ಮಲ್ಪೆಯಲ್ಲಿ ಎಲ್ಲೋ ಬಿದ್ದುಕೊಂಡಿದ್ದ. ಹುಡುಕಿಸಿದೆವು, ಸಿಗಲಿಲ್ಲ. ಮರುದಿನ ಬೆಳಿಗ್ಗೆ ಅವನು ಬರುವಾಗ ಸಮಾಧಿಯ ಮೇಲಿನ ಮಣ್ಣು ಇನ್ನೂ ಹಸಿಯಾಗಿತ್ತು. ಅವನು ಅಳಲಿಲ್ಲ. ಮಣ್ಣಿನ ಪಕ್ಕದಲ್ಲಿ ಕುಳಿತುಕೊಂಡ, ಅಷ್ಟೆ. ಅಂದಿನಿಂದ ಒಂದು ತೊಟ್ಟು ಮುಟ್ಟಲಿಲ್ಲ. ಸುತ್ತಲಿನ ಮನೆಗಳ ಹೆಂಗಸರೆಲ್ಲ ಒಂದು ತಿಂಗಳು, ಎರಡು ತಿಂಗಳು ಎಂದು ಬಾಯಿ ಚಪ್ಪರಿಸಿಕೊಂಡು ಕಾದರು. ಅವನು ಮೂರು ವರ್ಷ ದಾಟಿಸಿದ.

ಆದರೆ ದೇವಾಲಯದಲ್ಲಿ ಬೇರೆಯೇ ತಕರಾರು ಶುರುವಾಯಿತು. ನಮ್ಮಲ್ಲಿ ಆಗ ಒಂದು ಕ್ರಮವಿತ್ತು. ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ, ಇರುವ ಭಾನುವಾರದ ಹಿಂದಿನ ದಿನ, ಅದರಲ್ಲಿ ಪಾಲು ತೆಗೆದುಕೊಳ್ಳುವವರು ಸಭಾಪಾಲಕರ ಮನೆಗೆ ಹೋಗಿ ಹೆಸರು ಕೊಡಬೇಕು. ಅವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹೆಸರು ಕೊಡದವರಲ್ಲಿ ಏನೋ ಪಾಪ ಉಂಟು ಎಂದು ಅರ್ಥ. ಅಣ್ಣ ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದ, ಸಭಾಪಾಲಕರ ಪ್ರಸಂಗ ಕೇಳುತ್ತಿದ್ದ, ಭೋಜನದ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಿದ್ದ. ಯಾಕೆಂದರೆ ನಮ್ಮಲ್ಲಿ ಬಟ್ಟಲಿನಲ್ಲಿ ಕೊಡುತ್ತಿದ್ದದ್ದು ನಿಜವಾದ, ಅಮಲಿರುವ ದ್ರಾಕ್ಷಾರಸ.

"ಸಭೆಯ ಹಿರಿಯರ ಹತ್ತಿರ ಹೇಳಿಬಿಡು ಅಣ್ಣ, ಹೀಗೀಗೆ ಅಂತ" ಎಂದೆ ಒಂದು ದಿನ.

"ಎಂತ ಹೇಳುವುದು? ಒಂದು ಬಟ್ಟಲು ಕಂಡರೆ ಹೆದರುವ ಗಂಡಸು ಅಂತವಾ? ಬೇಡ ಮಾರಾಯ್ತಿ. ಉಳಿದವರಿಗೆ ಸ್ವಲ್ಪ ಅಂತ ಒಂದು ಉಂಟು. ನನಗೆ ಸ್ವಲ್ಪ ಅಂತ ಇಲ್ಲ. ಒಂದೋ ಇಲ್ಲ, ಇಲ್ಲದಿದ್ದರೆ ಪೂರಾ."

ನನಗೆ ಅದು ಬರೀ ಹಟ ಎನಿಸಿತ್ತು. ನಾನು ಆಗ ಕಾಪುವಿನ ಶಾಲೆಯಲ್ಲಿ ಟೀಚರ್. ಜೊತೆಗೆ ಕಲ್ಯಾಣಪುರದ ಕಥೋಲಿಕ ಟೀಚರ್ ಒಬ್ಬರು ಇದ್ದರು, ನನಗಿಂತ ಹಿರಿಯರು, ಎಲ್ಲರೂ ಅವರನ್ನು ‘ಬಾಯಿ’ ಎಂದೇ ಕರೆಯುವುದು, ನಗುವುದಕ್ಕೆ ಕಾರಣ ಬೇಡ ಅವರಿಗೆ. ಅವರ ಮನೆಯ ಮದುವೆಗಳಲ್ಲಿ ಪೊಲೀಸರ ಕಣ್ಣು ತಪ್ಪಿಸಿಯಾದರೂ ಒಂದು ಗ್ಲಾಸು ಎತ್ತದಿದ್ದರೆ ಮದುವೆಯೇ ಆದಂತಲ್ಲ. ನಾನು ಅಣ್ಣನ ಸಂಗತಿ ಹೇಳಿಕೊಂಡಾಗ ಬಾಯಿ ಬಹಳ ನಕ್ಕರು.

"ನೋಡಿ ಟೀಚರ್, ನಾವು ಕುಡಿಯುವವರು ಅಲ್ವಾ? ನಮ್ಮ ಇಗರ್ಜಿಯಲ್ಲಿ ನಮಗೆ ರೊಟ್ಟಿ ಮಾತ್ರ. ಬಟ್ಟಲು ಪಾದ್ರಿಗಳಿಗೆ. ನೀವು ಕುಡಿಯಬಾರದು ಅಂತ ಹಾಡು ಕಟ್ಟಿ ಹಾಡುವವರು, ನಿಮಗೆ ಎಲ್ಲರಿಗೂ ಬಟ್ಟಲು! ನಿಮ್ಮ ಅಣ್ಣ ನಮ್ಮಲ್ಲಿ ಹುಟ್ಟಬೇಕಿತ್ತು."

ನಾನೂ ನಕ್ಕೆ. ನಕ್ಕು ಮರೆತುಬಿಟ್ಟೆ.

ಅದೇ ವರ್ಷ ನನಗೆ ಕಾರ್ಕಳದಿಂದ ಒಂದು ಸಂಬಂಧ ಬಂತು. ಹುಡುಗ ಕಂಪೌಂಡರ್, ಒಳ್ಳೆಯ ಜನ. ಆದರೆ ಹುಡುಗನ ತಾಯಿ ಯಾರ ಮೂಲಕವೋ ವಿಚಾರಿಸಿದ್ದರು: ಹುಡುಗಿಯ ಅಣ್ಣ ಭೋಜನಕ್ಕೆ ಹೆಸರು ಕೊಡುವುದಿಲ್ಲವಂತೆ, ಇನ್ನೂ ಕುಡಿತ ಉಂಟಾ? ನನಗೆ ಮೈಯೆಲ್ಲ ಉರಿಯಿತು. ಕುಡಿಯದೇ ಇರಲಿಕ್ಕಾಗಿ ದೂರ ನಿಂತವನನ್ನು ಕುಡುಕ ಎನ್ನುವುದೇ! ಅಣ್ಣನ ಮೇಲೂ ಸಿಟ್ಟು ಬಂತು. ಒಂದು ಗುಟುಕಿಗೆ ನನ್ನ ಮದುವೆ ತಪ್ಪಿಸುತ್ತಾನಲ್ಲ ಎಂದು.

ಶನಿವಾರ ಸಭಾಪಾಲಕರ ಮನೆಗೆ ಹೋದೆ. ನನ್ನ ಹೆಸರು ಕೊಟ್ಟೆ. ಜೊತೆಗೆ ಅಣ್ಣನದ್ದೂ ಕೊಟ್ಟೆ, ಅವನನ್ನು ಕೇಳದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಹೆಸರು ಕೊಟ್ಟು ಬಾರದಿದ್ದರೆ ಅದು ಕೊಡದೇ ಇದ್ದುದಕ್ಕಿಂತ ದೊಡ್ಡ ಅವಮಾನ. ಅದು ನನಗೂ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು.

ಮನೆಗೆ ಬಂದು ಹೇಳಿದಾಗ ಅವನು ಬಯ್ಯಲಿಲ್ಲ. "ಕೊಟ್ಟಾಯ್ತಾ?" ಎಂದಷ್ಟೇ ಕೇಳಿದ. ಭಾನುವಾರ ಬಿಳಿ ಅಂಗಿ ಹಾಕಿ ಬಂದ. ಬಟ್ಟಲು ಅವನ ಹತ್ತಿರ ಬಂದಾಗ ನಾನು ಹೆಂಗಸರ ಸಾಲಿನಿಂದ ಅವನ ಕೈ ನೋಡುತ್ತಿದ್ದೆ. ಒಂದು ಗುಟುಕು ಕುಡಿದು ಕೊಟ್ಟ. ಏನೂ ಆಗಲಿಲ್ಲ. ಮಧ್ಯಾಹ್ನ ಮೀನಿನ ಸಾರು ಹಾಕಿಸಿಕೊಂಡು ಎರಡು ಸಲ ಊಟ ಮಾಡಿದ. ಒಂದು ವಾರ ಹೋಯಿತು, ಒಂದು ತಿಂಗಳು ಹೋಯಿತು, ಏನೂ ಇಲ್ಲ. ನನಗೋ ಹಿಗ್ಗು.

"ನೋಡಿದೆಯಾ? ಸ್ವಲ್ಪ ಅಂತ ನಿನಗೂ ಉಂಟು. ಸುಮ್ಮನೆ ಇಷ್ಟು ವರ್ಷ ಹೆದರಿದ್ದು" ಎಂದೆ. ಟೀಚರಲ್ಲವೇ, ಪಾಠ ಹೇಳದಿದ್ದರೆ ಹೇಗೆ?

ಅವನು ನನ್ನನ್ನು ತುಂಬ ಹೊತ್ತು ನೋಡಿದ. "ಹೌದಾ?" ಎಂದ. ನಂಬಬೇಕೆಂದು ಅವನಿಗೆ ಎಷ್ಟು ಆಸೆಯಿತ್ತೆಂದು ನನಗೆ ಆಗ ತಿಳಿಯಲಿಲ್ಲ.

ಮದುವೆ ಕಾರ್ಕಳದಲ್ಲಿ ಆಯಿತು. ಊಟ ಮುಗಿಯುತ್ತಿದ್ದಂತೆ ನನ್ನ ಗಂಡನ ಸೋದರಮಾವ, ಬಜಗೋಳಿಯವರು, ಹಿತ್ತಲಿನಲ್ಲಿ ಒಂದು ಬಾಟಲಿ ತೆಗೆದರು. ನಾನು ಮದುವೆಯ ಬಿಳಿ ಸೀರೆಯಲ್ಲಿ ಬಾಗಿಲ ಹತ್ತಿರವೇ ಇದ್ದೆ. "ಬನ್ನಿ ಭಾವ, ಒಂದು ಚೂರು. ಮದುವೆಮನೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿಕೊಟ್ಟವರು ಯಾರು, ನಮ್ಮ ಕರ್ತನೇ ಅಲ್ವಾ?" ಎಂದು ಅಣ್ಣನನ್ನು ಕರೆದರು. ಅಣ್ಣ ಗ್ಲಾಸು ಮುಟ್ಟಲಿಲ್ಲ. ತಿರುಗಿ ನನ್ನ ಕಡೆ ನೋಡಿದ. ಹೊಸ ಮನೆಯವರೆಲ್ಲ ನೋಡುತ್ತಿದ್ದರು.

"ಒಂದು ಚೂರಿಗೆ ಎಂತ ಆಗ್ತದೆ?" ಎಂದೆ ನಾನು, ನಗುತ್ತ.

ಅಲ್ಲಿಂದ ಮುಂದಿನದನ್ನು ಬರೆಯಲು ಕೈ ಸೋಲುತ್ತದೆ. ಅವನು ಹೇಳಿದ್ದೇ ಸರಿ, ಅವನಿಗೆ ಸ್ವಲ್ಪ ಎಂಬುದು ಇರಲಿಲ್ಲ. ಮೊದಮೊದಲು ಭಾನುವಾರ ಮಾತ್ರ, ಆಮೇಲೆ ಸಂಬಳದ ದಿನವೂ, ಆಮೇಲೆ ಲೆಕ್ಕವಿಲ್ಲ. ಗೂಡಿನ ಕೆಲಸ ಹೋಯಿತು. ನಾನು ಕಾರ್ಕಳದಿಂದ ಬಸ್ಸು ಹತ್ತಿ ಹತ್ತಿ ಬಂದು ಬಯ್ದೆ, ಕಾಲು ಹಿಡಿದೆ, ಅತ್ತೆ. "ನೀನೇ ಹೇಳಿದ್ದಲ್ವಾ" ಎಂದು ಅವನು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಹತ್ತು ವರ್ಷ ಹೀಗೇ ಎಳೆದಾಡಿ, ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿ ಮಣಿಪಾಲದ ಆಸ್ಪತ್ರೆ ಸೇರಿದ. ಡಾಕ್ಟರರು ನನ್ನನ್ನು ಹೊರಗೆ ಕರೆದು ಇನ್ನು ಕೆಲವೇ ದಿನ ಎಂದರು. ಮರುದಿನ ಮಧ್ಯಾಹ್ನ ಸಭಾಪಾಲಕರು ಬಂದರು. ಅವರೇ, ಅಂದು ಹೆಸರು ಬರೆದುಕೊಂಡವರು, ಮುದುಕರಾಗಿದ್ದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ ರೊಟ್ಟಿ ಇಟ್ಟರು, ಸಣ್ಣ ಬಟ್ಟಲು ಇಟ್ಟರು. ಬಾಟಲಿಯ ಬಿರಡೆ ತೆಗೆದಾಗ ವಾಸನೆ ಬಂತು. ಅಣ್ಣ ಮುಖ ತಿರುಗಿಸಿ ಕಣ್ಣು ಮುಚ್ಚಿದ.

"ಅಯ್ಯನವರೇ, ರೊಟ್ಟಿ ಮಾತ್ರ ಕೊಡಿ" ಎಂದೆ.

"ಅದು ನಮ್ಮ ಕ್ರಮ ಅಲ್ಲವಲ್ಲ ಅಮ್ಮ."

"ಇವನಿಗೆ ಬಟ್ಟಲು ಬೇಡ. ಆವತ್ತೂ ಬೇಕಿರಲಿಲ್ಲ. ಇವನ ಹೆಸರು ಕೊಟ್ಟದ್ದು ನಾನು, ಇವನನ್ನು ಕೇಳದೆ."

ಅವರು ಬಾಟಲಿಗೆ ಬಿರಡೆ ಹಾಕಿ ಚೀಲದೊಳಗಿಟ್ಟರು. ರೊಟ್ಟಿಯ ಚೂರು ಮುರಿದು ಅಣ್ಣನ ನಾಲಿಗೆಯ ಮೇಲಿಟ್ಟು ಪ್ರಾರ್ಥನೆ ಮಾಡಿದರು. ಅವನಿಗೆ ನುಂಗಲು ಕಷ್ಟವಾಯಿತು. ನಾನು ಚಮಚದಲ್ಲಿ ನೀರು ಕೊಟ್ಟೆ.

ನೀರು ಇಳಿದ ಮೇಲೆ ಅವನು ನನ್ನ ಕೈ ಹಿಡಿದುಕೊಂಡ. ಸಿಟ್ಟೇನೂ ಇರಲಿಲ್ಲ ಅವನಲ್ಲಿ, ನನಗಿಂತ ಹೆಚ್ಚು ದಣಿದಿದ್ದ.

"ರೊಟ್ಟಿ ಮಾತ್ರ ಕೊಡಿ ಅಂತ, ಇಷ್ಟೇ ಅಲ್ವಾ ತಂಗಿ, ಆವತ್ತು ಹೇಳಬೇಕಾಗಿದ್ದದ್ದು" ಎಂದ.