ಬೆರಳ ತುದಿಯ ಅನುಮಾನ

ನಮ್ಮತ್ತೆಯ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ನೆನೆಹಾಕಿದ ಅವರೆಕಾಳಿನ ಹಾಗೆ ಬೆಳ್ಳಗೆ ಉಬ್ಬಿಕೊಂಡಿದ್ದವು. ಕೊತಕೊತ ಕುದಿಯುವ ಬಾಣಲೆಯಲ್ಲಿ ರೇಷ್ಮೆಗೂಡು ತೇಲುತ್ತಿದ್ದರೆ, ನಾವು ಕಡ್ಡಿ ಹುಡುಕುವಷ್ಟರಲ್ಲಿ ಅವರು ಬೆರಳನ್ನೇ ಅದ್ದಿ ಎಳೆ ಹಿಡಿದು ಎತ್ತಿಬಿಡುತ್ತಿದ್ದರು.

ನಾನು ಯಳಂದೂರು ಕಡೆಯ ಅಗರದವಳು. ಕೊಳ್ಳೇಗಾಲದ ಪಕ್ಕದ ಮಧುವನಹಳ್ಳಿಗೆ ಸೊಸೆಯಾಗಿ ಬಂದಾಗ ಆ ಸೀಮೆ ಮದರಾಸು ಬಿಟ್ಟು ಮೈಸೂರಿಗೆ ಸೇರಿ ಆರೇಳು ವರ್ಷವಾಗಿತ್ತು. ಆದರೂ ಅತ್ತೆ ನನ್ನನ್ನು 'ಮೈಸೂರು ಸೀಮೆಯವಳು' ಎಂದೇ ರೇಗಿಸುತ್ತಿದ್ದರು. ಬಾಣಲೆಯ ಮುಂದೆ ಅವರು, ಎದುರಿಗೆ ಚರಕ ತಿರುಗಿಸುತ್ತಾ ನಾನು. "ಮೆತ್ತಗೆ ತಿರುಗ್ಸವ್ವ, ಎಳೆ ಕಿತ್ತೋದ್ರೆ ನಿಮ್ಮಪ್ಪ ಬಂದು ಗಂಟಾಕ್ತಾನಾ?" ಎನ್ನುವರು. ಕೋಪವೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ನನ್ನ ಮಗಳಿಗೆ ಮೂರು ತಿಂಗಳಿದ್ದಾಗ ಕುಷ್ಠರೋಗದ ಇನ್ಸ್‌ಪೆಕ್ಟರು ಒಬ್ಬರು ರೋಗದ ಚಿತ್ರಪಟ ಹಿಡಿದುಕೊಂಡು ಮನೆಮನೆಗೆ ಬಂದರು. "ಮೈಮೇಲೆ ಎಲ್ಲಾದರೂ ಮುಟ್ಟಿದರೆ, ಸುಟ್ಟರೆ ಗೊತ್ತಾಗದ ಜಾಗ ಇದೆಯಾ?" ಎಂದು ಕೇಳಿದರು. ಇಲ್ಲ ಎಂದೆವು. ಅವರು ಪಕ್ಕದ ಮನೆಗೆ ಹೋದರು, ಅತ್ತೆಯ ತಲೆಗೆ ಹುಳ ಬಿಟ್ಟು.

ಮಾರನೆಯ ದಿನದಿಂದ ಅತ್ತೆ ಮಗುವಿಗೆ ಎಣ್ಣೆ ನೀರು ಹಾಕುವುದನ್ನು ನಿಲ್ಲಿಸಿದರು. ತಟ್ಟೆ, ಲೋಟ, ಚಾಪೆ ಬೇರೆ ಮಾಡಿಕೊಂಡರು. ಮುದುಕಿಗೆ ಮೈಗಳ್ಳತನ ಎಂದುಕೊಂಡ ನಾನು ಎರಡು ದಿನ ಪಾತ್ರೆ ಕುಕ್ಕಿದೆ. ಮೂರನೆಯ ದಿನ ಕೇಳಿಯೇಬಿಟ್ಟೆ. ಅವರು ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದರು. ಬಲಗೈ ಬೆರಳಿಂದ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದರು.

"ಲಿಂಗ ಮುಟ್ಟುದ್ರೆ ತಣ್ಪೇ ಗೊತ್ತಾಯ್ತಿಲ್ಲ ಕಣವ್ವ. ನಮ್ ತೌರು ಬಂಡಳ್ಳೀಲಿ ದೊಡ್ಡಪ್ಪುಂಗೂ ಇಂಗೇ ಸುರುವಾಗಿದ್ದು. ಒಲದಲ್ಲಿ ಗುಡ್ಲು ಆಕಿ ಬುಟ್ಬುಟ್ರು. ನಾನೇ ಮುದ್ದೆ ತಕಂಡೋಗಿ ದೂರದಲ್ಲಿ ಎಲೆ ಮೇಲಿಟ್ಟು ಓಡ್ಬರ್ತಿದ್ದೆ. 'ಒಸಿ ನಿಂತ್ಕೊ ಮಗ' ಅಂತಿದ್ದ. ಒಂದಿನಾನೂ ನಿಂತ್ಕಳ್ನಿಲ್ಲ."

ಕೊಳ್ಳೇಗಾಲದಲ್ಲಿ ಡಾಕ್ಟರಿಗೆ ತೋರಿಸಿದೆ. ಕೋಳಿಪುಕ್ಕ ಆಡಿಸಿದರು, ಸೂಜಿ ಚುಚ್ಚಿದರು, ಕಿವಿಯ ಹಾಲೆಯಲ್ಲಿ ಚೂರು ಗೀರಿ ಗಾಜಿಗೆ ಸವರಿಕೊಂಡರು. ವಾರ ಬಿಟ್ಟು ಹೋದಾಗ, "ರೋಗ ಇಲ್ಲಮ್ಮ. ಬಿಸಿನೀರಲ್ಲಿ ಬೆಂದು ಬೆಂದು ಬೆರಳ ಚರ್ಮ ಜಡ್ಡುಗಟ್ಟಿದೆ. ಎರಡು ತಿಂಗಳು ಬಾಣಲೆಗೆ ಕೈ ಹಾಕಬೇಡಿ, ತಾನಾಗೇ ಸರಿಹೋಗುತ್ತೆ" ಎಂದರು. ಬಸ್ಸಿನಲ್ಲಿ ಅತ್ತೆ ಕಡಲೆಪುರಿ ಕೊಂಡು ಅಕ್ಕಪಕ್ಕದವರಿಗೆಲ್ಲ ಹಂಚಿದರು. ಊರು ಹತ್ತಿರವಾಗುತ್ತಿದ್ದಂತೆ ಕಿವಿ ಮುಟ್ಟಿಕೊಂಡರು.

"ಅಲ್ಲ ಕಣವ್ವ, ಕಾಯ್ಲೆ ಇರೋದು ಬೆರಳಲ್ಲಿ. ಅವ್ರು ಕೊಯ್ದಿದ್ದು ಕಿವಿ ಅಲ್ವಾ?"

ನನಗೆ ನಗು ಬಂತು, ಅವರ ಮುಖ ನೋಡಿ ನಿಂತುಹೋಯಿತು. ಹನೂರಿಗೆ ಹೋಗಿ ಇನ್ನೊಬ್ಬ ಡಾಕ್ಟರಿಗೂ ತೋರಿಸಿದೆವು. ಅವರೂ ಇಲ್ಲವೆಂದೇ ಹೇಳಿದರು. "ಇಬ್ರೂ ಒಂದೇ ಇಸ್ಕೂಲಲ್ಲಿ ಓದಿರ್ತಾರೆ ಬುಡು" ಎಂದು ಅತ್ತೆ ತಳ್ಳಿಹಾಕಿದರು.

ಆಮೇಲೆ ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳತೊಡಗಿದರು. ಬೆಳಿಗ್ಗೆ ಎದ್ದರೆ ಸೂಜಿ, ಒಲೆ ಹಚ್ಚಿದರೆ ಕೆಂಡ. ಚುಚ್ಚಿಕೊಂಡದ್ದು ಕೀವಾಗುತ್ತಿತ್ತು, ಸುಟ್ಟುಕೊಂಡದ್ದು ಗಾಯವಾಗುತ್ತಿತ್ತು. ಆ ಗಾಯವನ್ನೇ ತೋರಿಸಿ "ನೋಡು, ಒಡೀತಾ ಅದೆ" ಎನ್ನುತ್ತಿದ್ದರು. ಬೈದೆ, ಅತ್ತು ಕರೆದೆ, ಸೂಜಿ ಬಚ್ಚಿಟ್ಟೆ. ಅವರು ಜಾಲಿ ಮುಳ್ಳನ್ನಾದರೂ ತಂದುಕೊಳ್ಳುವರು.

ಇಷ್ಟೆಲ್ಲ ಧೈರ್ಯ ಹೇಳಿದವಳು ನಾನೇನು ಸಾಚಾ? ಮಗಳಿಗೆ ನೀರು ಹಾಕುವಾಗ ಯಾರೂ ನೋಡದಂತೆ ಅವಳ ಅಂಗಾಲಿಗೆ ಉಗುರು ಒತ್ತುತ್ತಿದ್ದೆ. ಕಾಲು ಎಳೆದುಕೊಂಡರೆ ಜೀವ ಬರುತ್ತಿತ್ತು. ನಿದ್ದೆಗಣ್ಣಿನಲ್ಲಿ ತಡವಾದರೆ ಇನ್ನೂ ಜೋರಾಗಿ ಒತ್ತುತ್ತಿದ್ದೆ. ಭಯವೂ ಅಂಟುಜಾಡ್ಯವೇ.

"ಎರಡು ತಿಂಗಳು ಬಾಣಲೆ ಬಿಡಿ, ಗೊತ್ತಾಗಿಬಿಡುತ್ತೆ" ಎಂದು ಒಮ್ಮೆ ಕೈಹಿಡಿದು ಬೇಡಿಕೊಂಡೆ. ಥಟ್ಟನೆ ಕೈ ಬಿಡಿಸಿಕೊಂಡರು.

"ಬುಟ್ಮೇಲೂ ಸರಿಯಾಗ್ನಿಲ್ಲ ಅಂದ್ರೆ? ಆಗೇನವ್ವ ಮಾಡ್ಲಿ? ಈಗಾದ್ರೆ ಬಾಣ್ಲೆ ನೀರ್ಗೇ ಇಂಗಾಯ್ತು ಅನ್ಕೋಬೋದು."

ಎಂಟು ವರ್ಷ ಅವರು ಬಾಣಲೆಯ ಮುಂದಿನಿಂದ ಏಳಲಿಲ್ಲ. ಹಬ್ಬದ ದಿನ ನಮಗೆಲ್ಲ ಬಿಡುವು, ಅವರಿಗಿಲ್ಲ. ಮಗಳು ತೆವಳಿದಳು, ನಡೆದಳು, ಶಾಲೆಗೆ ಹೋದಳು. ಅವಳು ಹತ್ತಿರ ಬಂದರೆ "ದೂರ ಇರವ್ವ, ಅಜ್ಜಿ ಮುಟ್ಬ್ಯಾಡ" ಎಂದು ಸೆರಗು ಎಳೆದುಕೊಳ್ಳುವರು. ಕಥೆ ಮಾತ್ರ ಹೇಳುತ್ತಿದ್ದರು, ಒಂದು ಮಾರು ದೂರದಿಂದ.

ಕೊನೆಗೆ ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದರು. ಎರಡೂವರೆ ತಿಂಗಳು ಬಾಣಲೆ ಮುಟ್ಟದೆ ಮಲಗಿದ್ದರು. ಒಂದು ಮಧ್ಯಾಹ್ನ ಗಂಜಿಯ ಲೋಟ ಕೈಗೆ ಕೊಟ್ಟೆ. "ಸ್... ಸುಡ್ತದಲ್ಲವ್ವ!" ಎಂದು ಕೈ ಹಿಂದಕ್ಕೆ ಎಳೆದುಕೊಂಡರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅತ್ತೆ ಮತ್ತೆ ಲೋಟ ಮುಟ್ಟಿದರು. ಗೋಡೆ ಮುಟ್ಟಿದರು, ನನ್ನ ಬಳೆ ಮುಟ್ಟಿದರು, ತಮ್ಮ ಕೆನ್ನೆ ಮುಟ್ಟಿಕೊಂಡರು. ಆಮೇಲೆ ಅಳು. ಅಂಥ ಅಳುವನ್ನು ನಾನು ಸಾವಿನ ಮನೆಯಲ್ಲೂ ಕೇಳಿಲ್ಲ. ಸಮಾಧಾನವಾದ ಮೇಲೆ, "ಕೂಸ್ನ ಕರಿ" ಎಂದರು.

ಮಗಳನ್ನು ಕರೆದುಕೊಂಡು ಬಂದೆ. ಅತ್ತೆ ಕೈ ಚಾಚಿದರು. "ಬಾರವ್ವ, ಒಂದ್ಸಲ ಮುಟ್ತೀನಿ."

ಮಗಳು ಒಂದು ಹೆಜ್ಜೆ ಇಟ್ಟು ನಿಂತಳು. ಹೆದರಿದ್ದಾಳೆ ಎಂದುಕೊಂಡು, ಹೋಗೇ ಎಂದು ಗದರಬೇಕೆಂದಿದ್ದೆ. ಆಗ ನೋಡಿದೆ. ಅವಳ ಲಂಗದ ಹಿಂಬದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದವಳು ನಾನೇ.

ಬಿಟ್ಟೆ. ಅಷ್ಟರಲ್ಲಿ ಅತ್ತೆ ಅದನ್ನು ನೋಡಿಬಿಟ್ಟಿದ್ದರು.

"ಇರ್ಲಿ ಬುಡವ್ವ. ಎದ್ರಿಕೆ ಅಂದ್ರೆ ಅಂಗೇ" ಎಂದು ಕೈಯನ್ನು ಕಂಬಳಿಯೊಳಕ್ಕೆ ಎಳೆದುಕೊಂಡರು.

ಆಮೇಲೆ ನಾಲ್ಕು ದಿನ ಇದ್ದರು. ಮಗಳನ್ನು ನಾನೇ ಎಷ್ಟು ಸಲ ಹಾಸಿಗೆಯ ಹತ್ತಿರ ಕಳಿಸಿದೆನೋ ಲೆಕ್ಕವಿಲ್ಲ. ಅವಳ ಜೊತೆ ಮಾತಾಡಿದರು, ಒಂದು ಕಥೆಯನ್ನೂ ಹೇಳಿದರು. ಕೈ ಮಾತ್ರ ಹೊರಗೆ ತೆಗೆಯಲಿಲ್ಲ.