ಕೂಗಿದವರನ್ನೆಲ್ಲ ದಾಟಿಸುವ ಲವ್‌ಡೇ

ವೈತಾಹು ಹೊಳೆಯ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿದೆಯೆಂದರೆ ದೋಣಿಯ ಹಿಂಬದಿಯಲ್ಲಿ ನಿಂತವರಿಗೆ ಅದರ ಮೂತಿ ಕಾಣುವುದಿಲ್ಲ. ಬೆಳಕು ಈಗಷ್ಟೇ ಮೂಡುತ್ತಿದೆ. ಲವ್‌ಡೇ ಟ್ರೆಂಬಾತ್ ಗಂಡನ ಹಳೆಯ ಕೋಟು ತೊಟ್ಟು, ತಗಡಿನ ಡಬ್ಬಿಯಲ್ಲಿ ದೋಣಿಯೊಳಗಿನ ನೀರನ್ನು ಎತ್ತಿ ಚೆಲ್ಲುತ್ತಿದ್ದಾಳೆ. ಹುಟ್ಟು ಉಜ್ಜುವ ಕಡೆ ಕುರಿಕೊಬ್ಬು ಸವರುತ್ತಾಳೆ. ಆಮೇಲೆ ಕೈ ನಿಲ್ಲಿಸಿ, ತಲೆ ವಾಲಿಸಿ, ಆಚೆ ದಡದ ಕಡೆಗೆ ಕಿವಿ ಕೊಡುತ್ತಾಳೆ. ಹೀಗೆ ಕಿವಿ ಕೊಡುವುದು ಅಂಬಿಗಿತ್ತಿಯ ಕೆಲಸದ ಅರ್ಧ ಪಾಲು.

ಆಚೆ ದಡದಲ್ಲಿ ಒಂದು ಕಂಬಕ್ಕೆ ಒಡಕು ಕಬ್ಬಿಣದ ಕಡಾಯಿ ತೂಗುಹಾಕಿದೆ. ತಿಮಿಂಗಿಲದ ಎಣ್ಣೆ ಕಾಯಿಸುತ್ತಿದ್ದವರು ಬಿಟ್ಟುಹೋದದ್ದು. ದಾಟಬೇಕಾದವರು ಅದನ್ನು ಬಡಿಯಬೇಕು, ಬಾಯಿಬಿಟ್ಟು ಹೆಸರು ಕೂಗುವಂತಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲಿನ ಕಡಲಂಚಿನಿಂದ ಹಡಗು ಹತ್ತಿ ಈ ನ್ಯೂಜಿಲೆಂಡಿಗೆ ಬಂದ ಲವ್‌ಡೇಯಂಥವರು ನಂಬುವುದು ಇಷ್ಟು: ಮುಳುಗಿ ಸತ್ತು ಮಣ್ಣು ಕಾಣದವರು ಮಂಜಿನ ಬೆಳಗ್ಗೆ ದಡಕ್ಕೆ ಬಂದು ತಮ್ಮ ಹೆಸರನ್ನು ತಾವೇ ಕೂಗುತ್ತಾರೆ. ಯಾರೂ ಓಗೊಡಬಾರದು. ಓಗೊಟ್ಟವರನ್ನು ನೀರು ಕರೆದುಕೊಳ್ಳುತ್ತದೆ.

“ನಮ್ಮಮ್ಮ ಹೇಳಿಕೊಟ್ಟಿದ್ದು. ಹೆಸರು ಕೇಳಿಸಿದ್ರೆ ಬಾಗಿಲು ಹಾಕ್ಕೊಂಡು ಒಲೆ ಮುಂದೆ ಕೂತ್ಕೋ ಅಂತಿದ್ಳು. ಇಲ್ಲಿ ಒಲೆ ಮುಂದೆ ಕೂತ್ರೆ ಹೊಟ್ಟೆ ತುಂಬಬೇಕಲ್ಲ? ಅದಕ್ಕೇ ಕಡಾಯಿ ಕಟ್ಟಿಸ್ದೆ,” ಎಂದು ಲವ್‌ಡೇ ನಗುತ್ತಾಳೆ.

ಊರಿಗೆ ಬಂದವರು ನೀರಿಗೆ ಬರಲೇಬೇಕು. ನಮ್ಮ ಪೋರ್ಟ್ ಹಾರ್ಲಿನ್ ಊರಿನಲ್ಲಿ ಈ ಹೆಂಗಸಿನ ದೋಣಿ ಹತ್ತದವರಿಲ್ಲ, ಆದರೆ ಆಕೆಯ ಹೆಸರು ಕೇಳಿದರೆ ಅರ್ಧ ಊರು ತಲೆ ಕೆರೆದುಕೊಳ್ಳುತ್ತದೆ. ಎಲ್ಲರ ಬಾಯಲ್ಲೂ ಅದು ಪಾಸ್ಕೊನ ಕಡವು. ಪಾಸ್ಕೊ ಟ್ರೆಂಬಾತ್ ಆಕೆಯ ಗಂಡ. ಕಡವಿನಲ್ಲಿ ಜನರನ್ನು ದಾಟಿಸುವ ಪರವಾನಗಿ ಅವನದು. ಕಳೆದ ಮೇ ತಿಂಗಳಲ್ಲಿ ಬಲೆ ಬಿಡಿಸಲು ಅಳಿವೆಗೆ ಹೋದವನು ಹಿಂದಿರುಗಲಿಲ್ಲ. ಅವನ ಸಣ್ಣ ದೋಣಿ ಮಗುಚಿ ತೇಲಿಬಂತು, ಹೆಣ ಬರಲಿಲ್ಲ.

ಇಲ್ಲೇ ನಮ್ಮ ಊರು ಒಂದು ಒಳ್ಳೆಯತನದ ತಪ್ಪು ಮಾಡಿತು. ಪಾಸ್ಕೊ ಸತ್ತನೆಂದರೆ ಪರವಾನಗಿಯೂ ಸತ್ತಂತೆ, ಹೆಂಗಸಿನ ಹೆಸರಿಗೆ ಅದನ್ನು ಕೊಡುವ ಪದ್ಧತಿಯಿಲ್ಲ. ಹಾಗಾಗಿ ಯಾರೂ ಆ ಮಾತು ಆಡಲಿಲ್ಲ. ರೊಟ್ಟಿಯಂಗಡಿಯವನು ‘ಪಾಸ್ಕೊ ಇನ್ನೂ ಬಂದಿಲ್ವಾ?’ ಎನ್ನುತ್ತಿದ್ದ, ‘ತಡ ಆಗಿದೆ’ ಎಂದು ಲವ್‌ಡೇ ಅನ್ನುತ್ತಿದ್ದಳು. ಪಾದ್ರಿ ಕೂಡ ಪ್ರಾರ್ಥನೆಯಲ್ಲಿ ಅವನನ್ನು ಪ್ರಯಾಣಿಕರ ಜೊತೆ ಸೇರಿಸಿದರು. ಮೊಟ್ಟಮೊದಲ ಪ್ರಾಂತ್ಯ ಮಂಡಳಿಗೆ ಚುನಾವಣೆ ಬಂದು, ಮತದಾರರ ಹೆಸರುಗಳಿಗೆ ಆಕ್ಷೇಪಣೆ ಇದ್ದರೆ ಹೇಳಿ ಎಂದು ಕರೆದಾಗಲೂ ಪಾಸ್ಕೊನ ಹೆಸರಿಗೆ ಎಲ್ಲರೂ ಬಾಯಿಗೆ ಬೀಗ ಹಾಕಿ ಕೂತರು. ಸತ್ತವನು ಮತದಾರನಾಗಿ ಉಳಿದ.

ನಮ್ಮಲ್ಲಿ ಓಟು ಹಾಕುವುದೆಂದರೆ ಬಾಯಿಬಿಟ್ಟು ಹೇಳುವುದು. ಮೇಜಿನ ಮುಂದೆ ನಿಂತು ಮೊದಲು ತನ್ನ ಹೆಸರು, ಆಮೇಲೆ ತನ್ನ ಆಯ್ಕೆಯವನ ಹೆಸರು. ಊರಿನಲ್ಲಿ ‘ಏಯ್’ ಎಂದು ಕರೆಸಿಕೊಂಡೇ ಬೆಳೆದ ಕೂಲಿಗಳು, ಬಡಗಿಗಳು, ಕುರುಬರು. ತಮ್ಮ ಹೆಸರನ್ನು ಸರ್ಕಾರ ಕೇಳುತ್ತದೆ ಎಂಬುದೇ ಅವರಿಗೆ ಏರಿದ ಅಮಲು. ಬಿಟ್ಟಿ ಬಿಯರಿನ ಅಮಲು ಬೇರೆ. ಮತದಾನದ ಬೆಳಗ್ಗೆ ಆಚೆ ದಡದಲ್ಲಿ ಯಾರಿಗೂ ಕಡಾಯಿಯ ನೆನಪಿರಲಿಲ್ಲ. ಮಂಜಿನೊಳಗಿಂದ ಒಬ್ಬೊಬ್ಬರೇ ತಮ್ಮ ತಮ್ಮ ಹೆಸರು ಕೂಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನಗು ಬರಬೇಕಾದ ಹೊತ್ತು. ಆದರೆ ಈಚೆ ದಡದಲ್ಲಿ ಕೇಳುತ್ತ ನಿಂತ ಹಳಬರಿಗೆ ಮೈ ಜುಂ ಎನ್ನುತ್ತಿತ್ತು. ಮುಖ ಕಾಣುವುದಿಲ್ಲ, ಹೆಸರು ಮಾತ್ರ ನೀರಿನ ಮೇಲೆ ಬರುತ್ತಿದೆ.

“ಬಾಯಿ ಮುಚ್ಕೊಂಡು ಹತ್ತಿ! ಓಟಿನ ಮೇಜು ಊರಲ್ಲಿದೆ, ನನ್ನ ದೋಣೀಲಲ್ಲ,” ಎಂದು ಲವ್‌ಡೇ ಬೈದು ಬೈದು ಅವರನ್ನು ದಾಟಿಸಿದಳು.

ಈಚೆ ದಡದಲ್ಲಿ ಆಲೂಗಡ್ಡೆ ಮೂಟೆಯ ಮೇಲೆ ಕೂತಿದ್ದ, ಈ ನೆಲದ ಮೂಲನಿವಾಸಿ ಮಾವೊರಿ ಮುದುಕ ರಾವಿರಿಗೆ ಇದೆಲ್ಲ ತಮಾಷೆ. ಹೊಳೆಯ ಆಚೆಗಿನ ನೆಲ ಅವನ ಕುಲದ ಎಲ್ಲರಿಗೂ ಸೇರಿದ್ದು, ಒಬ್ಬನ ಹೆಸರಿನಲ್ಲಿ ಇಲ್ಲದ್ದರಿಂದ ಅವನಿಗೆ ಓಟಿಲ್ಲ. “ಹೊಳೆ ನಮ್ಮಜ್ಜಂದು, ಹುಟ್ಟು ನಿಂದು. ಓಟು ಮಾತ್ರ ಸುಮ್ನೆ ಕೂತು ದಾಟೋರಿಗೆ. ಚೆನ್ನಾಗಿದೆ ತಂಗೀ,” ಎಂದ.

“ಸಾಯಂಕಾಲದವರೆಗೂ ನಗ್ತಾ ಇರು ಅಣ್ಣಾ, ಕೈ ಖಾಲಿ ಇದ್ರೆ ಈ ಹಗ್ಗ ಹಿಡ್ಕೋ,” ಎಂದಳು ಲವ್‌ಡೇ.

ಉಬ್ಬರ ಶುರುವಾಗಿತ್ತು. ಆಚೆ ದಡದಲ್ಲಿ ಕಾಯುವವರು ಯಾರೂ ಉಳಿದಿರಲಿಲ್ಲ. ಆಗ ಅಳಿವೆಯ ಕಡೆಯಿಂದ, ದಡವೇ ಇಲ್ಲದ ದಿಕ್ಕಿನಿಂದ, ಒಂದು ಕೂಗು ಬಂತು.

“ಪಾಸ್ಕೊ ಟ್ರೆಂಬಾತ್!”

ರಾವಿರಿಯ ನಗು ನಿಂತಿತು. ರೊಟ್ಟಿಯಂಗಡಿಯವನು ಟೋಪಿ ಎದೆಗೆ ಒತ್ತಿಕೊಂಡ. ಕೂಗು ಮತ್ತೆ ಬಂತು, ನಿಧಾನವಾಗಿ, ಹೆಸರಿನ ಒಂದೊಂದು ಅಕ್ಷರವನ್ನೂ ಕಲಿಯುತ್ತಿರುವವನ ಹಾಗೆ.

“ಹೋಗ್ಬೇಡಮ್ಮಾ, ಅದು ಮನುಷ್ಯರ ಕೂಗಲ್ಲ,” ಎಂದ ಅಂಗಡಿಯವನು.

ಆ ಗಳಿಗೆಯ ಬಗ್ಗೆ ಕೇಳಿದರೆ ಲವ್‌ಡೇ ತಗಡಿನ ಡಬ್ಬಿಯನ್ನು ಕೆಳಗಿಡುತ್ತಾಳೆ. “ಹೆದರಿಕೆ ಆಗ್ಲಿಲ್ಲ ಅಂದ್ರೆ ಸುಳ್ಳು. ಆದ್ರೆ ಮೇ ತಿಂಗಳಿಂದ ಪ್ರತಿ ಮಂಜಿಗೂ ನಾನು ಅದನ್ನೇ ಕಾಯ್ತಿದ್ದೆ. ಒಂದ್ಸಲನೂ ಬರ್ಲಿಲ್ಲ. ಬಂದಾಗ ಬಾಗ್ಲು ಹಾಕ್ಕೊಳ್ಲಾ? ನನ್ನ ಗಂಡ ಕಣ್ರೀ.”

ಆಕೆ ಒಬ್ಬಳೇ ಹೋದಳು. ಮರಳುದಿಬ್ಬದ ಹತ್ತಿರ ಮಂಜಿನಲ್ಲಿ ಒಂದು ಆಕೃತಿ ನಿಂತಿತ್ತು. ಪಾಸ್ಕೊನಷ್ಟೇ ಎತ್ತರ, ಅವನಂತೆಯೇ ಒಂದು ಭುಜ ಕೆಳಗೆ. ಮೊಣಕಾಲಿನವರೆಗೆ ನೀರು. ಆಕೃತಿ ತಿರುಗಿತು. ಯಾವನೋ ಕೆಂಪು ಗಡ್ಡದವನು.

“ಯಾರು ನೀನು?”

“ಪಾಸ್ಕೊ ಟ್ರೆಂಬಾತ್,” ಎಂದ ಅವನು, ಹಲ್ಲು ಕಟಕಟಿಸುತ್ತ.

“ನಾನು ಅವನ ಹೆಂಡ್ತಿ.”

ಆಕೆ ಅವನನ್ನು ದೋಣಿಗೆ ಎಳೆದು ಹಾಕಿಕೊಂಡು, ಕಂಬಳಿ ಹೊದಿಸಿದಳು. ಅರ್ಧ ದಾರಿ ಬಂದ ಮೇಲೆ ಅವನು ಬಾಯಿಬಿಟ್ಟ. ಅವನು ಬಾರ್ನಿ ಸ್ಕಲಿ, ಕಾಡಿನಲ್ಲಿ ಮರ ಕುಯ್ಯುವವನು. ಉಣ್ಣೆ ವ್ಯಾಪಾರಿ ಆರ್ಮರಾಡನ ಕಡೆಯವರು ಒಂದು ದಿನದ ಮಟ್ಟಿಗೆ ಪಾಸ್ಕೊ ಆಗು ಎಂದು ಕಳಿಸಿದ್ದರು. ಆರ್ಮರಾಡ್ ಚುನಾವಣೆಗೆ ನಿಂತವನು. “ಆ ಮನುಷ್ಯ ಊರುಬಿಟ್ಟು ಹೋದ ಅಂದ್ರಮ್ಮಾ. ಸತ್ತೋನು ಅಂತ ಗೊತ್ತಿದ್ರೆ ದೇವರಾಣೆಗೂ ಒಪ್ತಿರ್ಲಿಲ್ಲ. ಮೇಜಿನ ಮುಂದೆ ತಡವರಿಸಬಾರ್ದು ಅಂತ ಬೆಳಗ್ಗಿಂದ ಹೇಳ್ಕೊಂಡು ಬರ್ತಿದ್ದೆ. ದಾರಿ ತಪ್ತು, ನೀರು ಏರ್ತು. ಗಾಬರೀಲಿ ಕೂಗಕ್ಕೆ ಬಾಯಿಗೆ ಅದೇ ಬಂತು.”

ಲವ್‌ಡೇ ಅತ್ತಳು, ಹುಟ್ಟು ಹಾಕುತ್ತಲೇ ಅತ್ತಳು.

ದಡದಲ್ಲಿ ಆರ್ಮರಾಡನ ಇಬ್ಬರು ಆಳುಗಳು ಕಾದಿದ್ದರು. ಸ್ಕಲಿಯ ರಟ್ಟೆ ಹಿಡಿದು ಸೀದಾ ಮೇಜಿಗೆ ಕರೆದೊಯ್ದರು. ಮೇಜು ಹಾಕಿದ್ದ ಜಗಲಿಯ ತುಂಬ ಜನ. ಸ್ಕಲಿ ಆ ಹೆಸರು ಹೇಳಿದ್ದೇ ತಡ, ಗದ್ದಲವೆಲ್ಲ ಉಡುಗಿಹೋಯಿತು. ಪಾಸ್ಕೊನ ಹೆಸರು ಹೇಳುತ್ತ ತೊಟ್ಟಿಕ್ಕುವ ಬಟ್ಟೆಯಲ್ಲಿ ಒಬ್ಬ ಅಪರಿಚಿತ ನಿಂತಿದ್ದಾನೆ. ಅವನು ಪಾಸ್ಕೊ ಅಲ್ಲವೆಂದು ಎಲ್ಲರಿಗೂ ಗೊತ್ತು. ಹೇಳುವವರಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ, ಹಾಗಾದರೆ ಪಾಸ್ಕೊ ಎಲ್ಲಿ? ನಮ್ಮ ದಯೆಯೇ ನಮ್ಮ ಗಂಟಲು ಹಿಡಿದಿತ್ತು.

ಚುನಾವಣಾಧಿಕಾರಿ ಕ್ಯಾಪ್ಟನ್ ಹೆಸೆಲ್ಟೈನ್ ಕನ್ನಡಕ ತೆಗೆದರು. “ಮತದಾರ ಪಾಸ್ಕೊ ಟ್ರೆಂಬಾತ್ ನೀನೇ ಏನಪ್ಪಾ?”

ಸ್ಕಲಿ ತಲೆ ತಗ್ಗಿಸಿದ. ಹಿಂದಿನಿಂದ ಆಳು ತಿವಿದ.

“ಅಲ್ಲ,” ಎಂದಳು ಲವ್‌ಡೇ, ಮೆಟ್ಟಿಲ ಕೆಳಗಿನಿಂದ.

“ಹೆಂಗಸರು ಇಲ್ಲಿ ಮಾತಾಡೋ ಹಾಗಿಲ್ಲಮ್ಮಾ.” ಕ್ಯಾಪ್ಟನ್ ಎದ್ದು ಬಂದು ದನಿ ತಗ್ಗಿಸಿದರು. “ಯೋಚನೆ ಮಾಡಿ. ನೀವು ಆ ಮಾತು ಆಡಿದ್ರೆ ಕಡವು ನಿಮ್ಮ ಕೈಲಿ ಉಳಿಯೋಲ್ಲ. ನಾನು ಕೇಳಿಸಿಕೊಂಡಿಲ್ಲ ಅಂದ್ಕೊಳ್ಳಿ.”

ಇತ್ತ ದರಿ, ಅತ್ತ ಪುಲಿ. ಸುಮ್ಮನಿದ್ದರೆ ದೋಣಿ ಉಳಿಯುತ್ತದೆ, ಗಂಡನ ಹೆಸರು ಆರ್ಮರಾಡನ ಓಟಾಗುತ್ತದೆ. ಆಕೆ ಮೆಟ್ಟಿಲು ಹತ್ತಿದಳು. “ಪಾಸ್ಕೊ ಸತ್ತಿದಾನೆ. ಮೇ ತಿಂಗಳಲ್ಲಿ ಅಳಿವೇಲಿ ಮುಳುಗಿ ಸತ್ತ. ನಿಮಗೆಲ್ಲ ಗೊತ್ತಿತ್ತು. ನಂಗೂ ಗೊತ್ತಿತ್ತು.”

ಮೊದಲು ಟೋಪಿ ತೆಗೆದವನು ಸ್ಕಲಿಯೇ. ಆಮೇಲೆ ಜಗಲಿಯ ಉದ್ದಕ್ಕೂ ಟೋಪಿಗಳು ಇಳಿದವು. ಆಳುಗಳೂ ತೆಗೆದರು. ಪಾದ್ರಿ ಅಲ್ಲೇ, ಓಟಿನ ಮೇಜಿನ ಮುಂದೆ, ಸತ್ತವರಿಗಾಗಿ ಹೇಳುವ ಪ್ರಾರ್ಥನೆ ಹೇಳಿದರು. ಹೆಣವಿಲ್ಲದ ಆ ಸಾವಿಗೆ ಇದ್ದ ಸಂಸ್ಕಾರ ಅದೊಂದೇ. ಮುಗಿದ ಮೇಲೆ ಕ್ಯಾಪ್ಟನ್ ಮುಂದಿನವನನ್ನು ಕರೆದರು.

ಗೆದ್ದದ್ದು ಆರ್ಮರಾಡನೇ. ಕಡವು ಈಗ ಮಂಡಳಿಯ ಪಾಲು, ಬರುವ ತಿಂಗಳು ಹರಾಜು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಆಕೆಯ ದೋಣಿಯಲ್ಲೇ ಕೂತು ಓಟಿಗೆ ಹೋದವರು ಈಗ ರಸ್ತೆಯಲ್ಲಿ ಆಕೆ ಎದುರಾದರೆ ಅಂಗಡಿಯೊಳಗೆ ಹೊಕ್ಕುಬಿಡುತ್ತಾರೆ. ಸ್ಕಲಿ ಮಾತ್ರ ವಾರಕ್ಕೊಮ್ಮೆ ಸೌದೆ ತಂದು ಹಾಕಿ ಹೋಗುತ್ತಾನೆ.

ಹರಾಜಿನ ಮಾತಿಗೆ ಲವ್‌ಡೇ ಭುಜ ಕುಣಿಸುತ್ತಾಳೆ. “ಯಾರಿಗೆ ಬೇಕಾದ್ರೂ ಹೋಗ್ಲಿ. ಅವನಿಗೆ ಒಂದೇ ಮಾತು ಹೇಳ್ಬೇಕು ಅಂತಿದೀನಿ. ಮಂಜಲ್ಲಿ ಯಾವ ಹೆಸರು ಕೂಗಿದ್ರೂ ಹೋಗು ಅಂತ. ಸತ್ತೋರು ಕೂಗಿದ್ರೆ ದೋಣಿ ಖಾಲಿ ಬರುತ್ತೆ, ಅಷ್ಟೇ ತಾನೆ? ಬದುಕಿರೋರು ಕೂಗಿದ್ರೆ?”

ಖಾಲಿ ಬಂದದ್ದುಂಟೇ ಎಂದು ಕೇಳಿದರೆ ಆಕೆ ಮರಳುದಿಬ್ಬದ ಕಡೆ ಕೈ ತೋರಿಸುತ್ತಾಳೆ.

“ಹೋದ ಗುರುವಾರ ಬಂತು. ಮಂಜಲ್ಲಿ ಕೂಗು ಕೇಳಿ ಹೋದೆ, ದಿಬ್ಬದ ಹತ್ರ ಯಾರೂ ಇರ್ಲಿಲ್ಲ. ಆದ್ರೆ ವಾಪಸ್ ಬರೋವಾಗ ದೋಣಿ ನೀರಲ್ಲಿ ಕೆಳಗೆ ಕೂತಿತ್ತು, ಹುಟ್ಟು ಹಾಕಕ್ಕೆ ಬೆನ್ನು ಬಿದ್ದೋಯ್ತು. ಎದುರಿಗಿನ ಹಲಗೆ ಒದ್ದೆ ಆಗ್ತಿತ್ತು. ನಾನು ನನ್ನ ಮಂಡಿ ನೋಡ್ಕೊಂಡೇ ಬಂದೆ, ತಲೆ ಎತ್ಲಿಲ್ಲ. ದಡ ಮುಟ್ಟಿದ್ಮೇಲೆ ದೋಣಿ ಹಗುರ ಆಯ್ತು.” ಆಕೆ ಕೋಟಿನ ಗುಂಡಿ ಹಾಕಿಕೊಂಡು ಹುಟ್ಟುಗಳನ್ನು ಎತ್ತಿಕೊಳ್ಳುತ್ತಾಳೆ. “ಯಾರನ್ನೂ ನಾನು ನೀರಲ್ಲಿ ಬಿಟ್ಟು ಬಂದಿಲ್ಲ ಕಣ್ರೀ.”